ಚೆಂಡೆಯ ಪೆಟ್ಟು, ಗೆಜ್ಜೆಯ ಹೆಜ್ಜೆ: ಟಿ.ವಿ.ಗೆ ಕೈಸ್ಪೀಕರ್ ಜೋಡಿಸುವ ಕ್ರಮ

ಮೇ ತಿಂಗಳ ಕೊನೆಯಲ್ಲಿ ಪತ್ತನಾಜೆ ಕಳೆದು, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿ, ವೇಷಭೂಷಣಗಳ ಪೆಟ್ಟಿಗೆಗಳು ಒಳಸೇರಿದ ಬಳಿಕ ದೀಪಾವಳಿಯ ತನಕ ನಮ್ಮ ಕಡೆಯ ಬಯಲುಗಳಲ್ಲಿ ಆಟವೆಂಬುದು ಅಪೂರ್ವವಾಗುತ್ತದೆ. ಚಿಕ್ಕಮೇಳದವರು ಮುಸ್ಸಂಜೆಗೆ ಮನೆಯ ಚಾವಡಿಗೆ ಬಂದು ಕಥಾಭಾಗವೊಂದನ್ನು ಚುಟುಕಾಗಿ ಆಡಿ ಹೋಗುವುದುಂಟಾದರೂ, ಇರುಳಿಡೀ ಮಂಜಿನಲ್ಲಿ ಕುಳಿತು ಪ್ರಸಂಗ ನೋಡಿ ಅಭ್ಯಾಸವಾದ ಹಿರಿಯರಿಗೆ ಅಷ್ಟರಿಂದ ತೃಪ್ತಿಯಾಗುವುದಿಲ್ಲ. ಆದುದರಿಂದ ಅವರು ಮಳೆಗಾಲದ ನಾಲ್ಕೈದು ತಿಂಗಳನ್ನು ಟಿ.ವಿ.ಯಲ್ಲಿ ಹಳೆಯ ಆಟಗಳ ದಾಖಲೆಗಳನ್ನು ನೋಡುತ್ತ ಕಳೆಯುತ್ತಾರೆ. ನಮ್ಮೂರಾದ ಅಂಬಲಪಾಡಿಯ ವಿಷಯದಲ್ಲಂತೂ ಇದು ಇನ್ನಷ್ಟು ನಿಜ. ಜನಾರ್ದನ ಮಹಾಕಾಳಿ ದೇವಸ್ಥಾನದ ಆಸುಪಾಸಿನಲ್ಲಿ ಬೆಳೆದು, ಇಲ್ಲಿಯ ಶ್ರೀ ಲಕ್ಷ್ಮೀಜನಾರ್ದನ ಯಕ್ಷಗಾನ ಕಲಾ ಮಂಡಳಿಯ ಹವ್ಯಾಸಿಗಳ ಒಡ್ಡೋಲಗಗಳನ್ನು ಬಾಲ್ಯದಿಂದಲೇ ಕಂಡವರು ಭಾಗವತಿಕೆಯ ಗುಣದೋಷಗಳನ್ನು ಕೂತಲ್ಲಿಂದಲೇ ಹೇಳಬಲ್ಲವರಾದ್ದರಿಂದ, ಅವರ ಕಿವಿಗೆ ಏನಾದರೊಂದು ಕೇಳಿಸಿದರೆ ಸಾಲದು, ಸರಿಯಾಗಿಯೇ ಕೇಳಿಸಬೇಕು.

ಸರಿಯಾಗಿ ಕೇಳಿಸುವುದಕ್ಕೆ ಇರುವ ಮೊದಲನೆಯ ವಿಘ್ನವೇ ಮಳೆ. ವರ್ಷವೊಂದಕ್ಕೆ ಸುಮಾರು 4000 ಮಿಲಿಮೀಟರಿನಷ್ಟು ಮಳೆ ಬೀಳುವ, ಅದರಲ್ಲಿಯೂ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುವ ಈ ಕರಾವಳಿಯಲ್ಲಿ, ಹಂಚಿನ ಮಾಡಿನ ಮೇಲೆ ಆಟಿಯ ಮಳೆ ಹೊಯ್ಯತೊಡಗಿತೆಂದರೆ ಟಿ.ವಿ.ಯೊಳಗಿನ ಭಾಗವತರು ಬಾಯಿ ತೆರೆದು ಮುಚ್ಚುವುದು ಕಾಣಿಸುತ್ತದೆಯೇ ಹೊರತು ಪದ್ಯ ಕೇಳಿಸುವುದಿಲ್ಲ. ವಾಲ್ಯೂಮನ್ನು ಕೊನೆಯ ಅಂಕಿಗೆ ಏರಿಸಿದರೆ ಧ್ವನಿ ಹೆಚ್ಚುವುದಕ್ಕಿಂತ ಹೆಚ್ಚಾಗಿ ಒಡೆಯುತ್ತದೆ. ಇದು ಟಿ.ವಿ.ಯ ಕೆಡುಕಲ್ಲ, ಅದರ ಶರೀರರಚನೆಯ ಫಲ. 1987ರಲ್ಲಿ ರಾಮಾಯಣ ಧಾರಾವಾಹಿಯನ್ನು ನೋಡಲು ನೆರೆಕರೆಯವರೆಲ್ಲ ಒಂದೇ ಮನೆಯಲ್ಲಿ ಸೇರುತ್ತಿದ್ದ ಕಾಲದ ಟಿ.ವಿ. ದೊಡ್ಡ ಪೆಟ್ಟಿಗೆಯಾಗಿತ್ತು, ಅದರ ಹೊಟ್ಟೆಯಲ್ಲಿ ಗಾಳಿಗೆ ಅವಕಾಶವಿತ್ತು, ಸ್ಪೀಕರು ಬಹುಮಟ್ಟಿಗೆ ನೋಡುವವರ ಕಡೆಗೇ ಮುಖಮಾಡಿರುತ್ತಿತ್ತು. ಈಗಿನ ತೆಳ್ಳನೆಯ ಪರದೆಯಲ್ಲಿ ಸ್ಪೀಕರಿಗೆ ಸ್ಥಳವೇ ಇಲ್ಲದೆ, ಚಿಕ್ಕದೊಂದನ್ನು ಕೆಳಮುಖವಾಗಿಯೋ ಹಿಮ್ಮುಖವಾಗಿಯೋ ಕೂರಿಸಿರುತ್ತಾರೆ. ನಾದವು ಗೋಡೆಗೋ ಮೇಜಿಗೋ ಬಡಿದು, ಸೊರಗಿ, ಆಮೇಲೆ ನಮ್ಮನ್ನು ಮುಟ್ಟುತ್ತದೆ.

ಹೀಗಿರುವಾಗ ಮನೆಯಲ್ಲಿ ಆಗಲೇ ಇರುವ ಕೈಸ್ಪೀಕರಿನ ಮೇಲೆ ದೃಷ್ಟಿ ಹೋಗುವುದು ಸಹಜ. ಬೆಳಗಿನ ಸುಪ್ರಭಾತಕ್ಕೆಂದೋ, ಮಕ್ಕಳು ಮಲ್ಪೆಯ ಕಡಲತೀರಕ್ಕೆ ಒಯ್ಯಲೆಂದೋ ಕೊಂಡ, ತೆಂಗಿನಕಾಯಿಯಷ್ಟು ದೊಡ್ಡದಾದ ಆ ಯಂತ್ರವನ್ನು ಟಿ.ವಿ.ಗೆ ಜೋಡಿಸುವುದು ಕಷ್ಟದ ಕೆಲಸವೇನೂ ಅಲ್ಲ. ಆದರೆ ಜೋಡಿಸುವ ದಾರಿಗಳು ಒಂದಕ್ಕಿಂತ ಹೆಚ್ಚು ಇವೆ. ಸುಲಭವೆಂದು ಎಲ್ಲರೂ ಮೊದಲು ಹಿಡಿಯುವ ಬ್ಲೂಟೂತಿನ ದಾರಿಯೇ ಯಕ್ಷಗಾನ ನೋಡುವವರ ಮಟ್ಟಿಗೆ ಕನಿಷ್ಠವಾದದ್ದೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣವನ್ನು ಮುಂದೆ ಹೇಳುವೆನು. ಮೊದಲು ತಂತಿಯ ವಿಚಾರ.

ಟಿ.ವಿ.ಯ ಹಿಂಬದಿಯನ್ನೋ ಪಕ್ಕವನ್ನೋ ಒಂದು ಟಾರ್ಚಿನ ಬೆಳಕಿನಲ್ಲಿ ಸಾವಕಾಶವಾಗಿ ಪರೀಕ್ಷಿಸತಕ್ಕದ್ದು. ಹೆಡ್‌ಫೋನಿನ ಚಿತ್ರವಿರುವ ಸಣ್ಣ ದುಂಡು ಜಾಕ್ ಕಂಡಿತೆಂದರೆ ಅರ್ಧ ಕೆಲಸ ಮುಗಿದಂತೆಯೇ. ಹೆಚ್ಚಿನವರು ಎಡವುವುದು ಹಳದಿ, ಕೆಂಪು, ಬಿಳಿ ಬಣ್ಣದ ಮೂರು ಪೋರ್ಟುಗಳ ಬಳಿ. ಮಗ ದೂರದ ಊರಿನಲ್ಲಿರುವ ಹಿರಿಯ ಮಹಿಳೆಯೊಬ್ಬರು, ಸ್ಪೀಕರಿನ ವೈರನ್ನು ಕೆಂಪು ಬಿಳಿ ಪೋರ್ಟುಗಳಿಗೆ ಚುಚ್ಚಿ ಎರಡು ದಿನ ಧ್ವನಿಗಾಗಿ ಕಾದು, ಕೊನೆಗೆ ನೆರೆಯ ಇಲೆಕ್ಟ್ರಿಶಿಯನ್ ಹುಡುಗನನ್ನು ಕರೆಸಿದರು. ಅವನು ಬಗ್ಗಿ ನೋಡಿ, “ಅಮ್ಮ, ಇದು ಒಳಗೆ ಬರುವ ಬಾಗಿಲು, ಹೊರಗೆ ಹೋಗುವುದಲ್ಲ” ಎಂದ. “ಹಾಗಾದ್ರೆ ಹೊರಗೆ ಹೋಗುವುದು ಎಲ್ಲುಂಟು ಮಗಾ?” ಎಂದು ಅವರು ಕೇಳಿದ್ದಕ್ಕೆ, ಪರದೆಯ ಎಡಮಗ್ಗುಲಲ್ಲಿ ಧೂಳು ತುಂಬಿ ಕಾಣದಂತಾಗಿದ್ದ ಹೆಡ್‌ಫೋನ್ ಜಾಕನ್ನು ಬೆರಳಿನಿಂದ ಒರಸಿ ತೋರಿಸಿದ. ಟಿ.ವಿ.ಯ ಮೇಲಿನ ಆ ಮೂರು ಬಣ್ಣದ ಪೋರ್ಟುಗಳು ಹೆಚ್ಚಾಗಿ ಡಿವಿಡಿ ಪ್ಲೇಯರಿನಂಥವುಗಳಿಂದ ಚಿತ್ರವನ್ನೂ ಧ್ವನಿಯನ್ನೂ ಬರಮಾಡಿಕೊಳ್ಳಲು ಇರುವಂಥವು. ಪಕ್ಕದಲ್ಲಿ ‘ಇನ್’ ಎಂದಿದೆಯೋ ‘ಔಟ್’ ಎಂದಿದೆಯೋ ಎಂದು ಓದಿಕೊಂಡರೆ ಈ ತೊಡಕಿಲ್ಲ.

ಹೆಡ್‌ಫೋನ್ ಜಾಕ್ ಇದ್ದಲ್ಲಿ, ಎರಡು ತುದಿಗಳಲ್ಲಿಯೂ 3.5 ಮಿಲಿಮೀಟರಿನ ಪಿನ್ನುಳ್ಳ ಆಕ್ಸ್ ಕೇಬಲ್ಲಿನ ಒಂದು ತುದಿಯನ್ನು ಅದಕ್ಕೂ ಇನ್ನೊಂದನ್ನು ಸ್ಪೀಕರಿನ ಆಕ್ಸ್ ಜಾಕಿಗೂ ಚುಚ್ಚಿ, ಸ್ಪೀಕರನ್ನು ಆಕ್ಸ್ ಮೋಡಿಗೆ ತಿರುಗಿಸಿದರೆ ಸಾಕು. ಟಿ.ವಿ.ಯ ಸ್ವಂತ ಧ್ವನಿ ತಾನಾಗಿ ನಿಲ್ಲದಿದ್ದರೆ ಸೆಟ್ಟಿಂಗಿನಲ್ಲಿ ಸೌಂಡ್ ಔಟ್‌ಪುಟ್ ಎಂಬಲ್ಲಿ ಹೆಡ್‌ಫೋನನ್ನು ಆರಿಸಬೇಕು. ಇಲ್ಲಿ ಒಂದು ಸೂಕ್ಷ್ಮವುಂಟು. ಟಿ.ವಿ.ಯ ವಾಲ್ಯೂಮನ್ನು ತೀರ ಕೆಳಗಿಟ್ಟು ಸ್ಪೀಕರನ್ನು ಪೂರ್ತಿ ಏರಿಸಿದರೆ, ಕ್ಷೀಣವಾದ ಧ್ವನಿಯೊಡನೆ ಗುಸುಗುಸು ಸದ್ದೂ ಹಿಗ್ಗಿ ಕೇಳುತ್ತದೆ. ಅಲ್ಲದೆ, ಕೆಲವು ನಿಮಿಷ ನಾದವಿಲ್ಲದಿದ್ದರೆ ತಾನೇ ಆರಿಹೋಗುವ ಸ್ವಭಾವದ ಸ್ಪೀಕರುಗಳು ಆ ಕ್ಷೀಣ ಧ್ವನಿಯನ್ನು ಮೌನವೆಂದೇ ಭ್ರಮಿಸಿ, ಅರ್ಥಧಾರಿಯು ಮೆಲುದನಿಗೆ ಇಳಿದ ಹೊತ್ತಿನಲ್ಲಿಯೇ ಬಂದಾಗಿಬಿಡುತ್ತವೆ. ಆದುದರಿಂದ ಟಿ.ವಿ.ಯನ್ನು ಮುಕ್ಕಾಲು ಭಾಗಕ್ಕೆ ಏರಿಸಿಟ್ಟು, ಸ್ಪೀಕರಿನ ಗುಂಡಿಯಿಂದ ಒಮ್ಮೆ ಹದಗೊಳಿಸಿ, ಅಲ್ಲಿಂದ ಮುಂದೆ ಟಿ.ವಿ.ಯ ರಿಮೋಟಿನಿಂದ ಏರಿಳಿತ ಮಾಡಿಕೊಳ್ಳುವುದು ಯೋಗ್ಯ. ಸ್ಪೀಕರನ್ನು ಚಾರ್ಜಿಗೆ ಹಾಕಿದಾಗ ಮಾತ್ರ ‘ಗುಂಯ್’ ಎಂಬ ನಾದ ಬರುತ್ತಿದ್ದರೆ ಅದು ಟಿ.ವಿ. ಮತ್ತು ಚಾರ್ಜರುಗಳೆರಡೂ ಒಂದೇ ಕರೆಂಟಿನ ಜಾಲದಲ್ಲಿ ಸೇರಿ ಉಂಟುಮಾಡುವ ದೋಷ. ಚಾರ್ಜರನ್ನು ತೆಗೆದು ಬ್ಯಾಟರಿಯಲ್ಲಿ ನಡೆಸಿದೊಡನೆ ಹೋಗುತ್ತದೆ. ಗೋಡೆಯ ಕರೆಂಟನ್ನೇ ನಂಬಿದ ದೊಡ್ಡ ಸ್ಪೀಕರುಗಳಿಗೆ ಈ ಸೌಕರ್ಯವಿಲ್ಲ.

ಈಚಿನ ಅನೇಕ ಟಿ.ವಿ.ಗಳಲ್ಲಿ ಹೆಡ್‌ಫೋನ್ ಜಾಕನ್ನೇ ಇಟ್ಟಿರುವುದಿಲ್ಲ. ಅಂಥಲ್ಲಿ ‘ಆಪ್ಟಿಕಲ್’ ಎಂದು ಬರೆದ, ಚೌಕಾಕಾರದ ಸಣ್ಣ ಮುಚ್ಚಳವುಳ್ಳ ಪೋರ್ಟನ್ನು ಹುಡುಕಬೇಕು. ಜಪಾನಿನ ತೋಶಿಬಾ ಕಂಪನಿ 1983ರಲ್ಲಿ ಬಳಕೆಗೆ ತಂದ ಈ ಕ್ರಮದಲ್ಲಿ ಧ್ವನಿಯು ವಿದ್ಯುತ್ತಾಗಿ ಹೋಗದೆ ಕೆಂಪು ಬೆಳಕಿನ ಮಿಣುಕುಗಳಾಗಿ ಎಳೆಯೊಂದರೊಳಗೆ ಸಾಗುತ್ತದೆ. ಕೈಸ್ಪೀಕರಿಗೆ ಈ ಬೆಳಕಿನ ಭಾಷೆ ತಿಳಿಯದ ಕಾರಣ ನಡುವೆ ‘ಡಿಎಸಿ’ ಎಂಬ, ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಕನ್ವರ್ಟರ್ ಬೇಕು. ಅದಕ್ಕೆ ಬೇಕಾದ ಕರೆಂಟನ್ನು ಟಿ.ವಿ.ಯ ಯುಎಸ್‌ಬಿಯಿಂದಲೇ ಕೊಡಬಹುದು. ಜೋಡಿಸಿಯೂ ಧ್ವನಿ ಬಾರದಿದ್ದರೆ, ಅಥವಾ ಬರಿಯ ಗರಗರ ಕೇಳಿದರೆ, ಟಿ.ವಿ.ಯ ಡಿಜಿಟಲ್ ಔಟ್‌ಪುಟ್ ‘ಡಾಲ್ಬಿ’ ಎಂದೋ ‘ಆಟೋ’ ಎಂದೋ ಇದ್ದೀತು. ಅದನ್ನು ‘ಪಿಸಿಎಂ’ ಎಂದು ಬದಲಿಸಬೇಕು. ಆಪ್ಟಿಕಲ್ ದಾರಿಯಲ್ಲಿ ಟಿ.ವಿ.ಯ ರಿಮೋಟಿನಿಂದ ಧ್ವನಿ ತಗ್ಗಿಸಲು ಬಹಳ ಕಡೆ ಬರುವುದಿಲ್ಲವೆಂಬುದೊಂದು ಅನನುಕೂಲ. ಎದ್ದುಹೋಗಿ ಸ್ಪೀಕರಿನ ಗುಂಡಿಯನ್ನೇ ಒತ್ತಬೇಕಾಗುತ್ತದೆ. ಎಚ್‌ಡಿಎಂಐ ಪೋರ್ಟಿನ ಪಕ್ಕದಲ್ಲಿ ಕಾಣುವ ‘ಎಆರ್‌ಸಿ’ ಎಂಬ ಅಕ್ಷರಗಳು ಸೌಂಡ್‌ಬಾರ್ ಕೊಂಡವರಿಗೆ ಸಂಬಂಧಿಸಿದವು. ಕೈಸ್ಪೀಕರಿನವರು ಅದನ್ನು ಮರೆತರೆ ನಷ್ಟವಿಲ್ಲ.

ಕೇಬಲಿನವರ ಅಥವಾ ಡಿಶ್ಶಿನ ಸೆಟ್‌ಟಾಪ್ ಬಾಕ್ಸ್ ಇದ್ದು, ಅದರ ಹಿಂದೆ ಕೆಂಪು ಬಿಳಿಯ ಔಟ್ ಪೋರ್ಟುಗಳಿದ್ದರೆ ಅಲ್ಲಿಂದಲೇ ಧ್ವನಿಯನ್ನು ಎಳೆಯಬಹುದು. ಒಂದು ತುದಿಯಲ್ಲಿ ಎರಡು ಬಣ್ಣದ ಪಿನ್ನುಗಳೂ ಇನ್ನೊಂದರಲ್ಲಿ 3.5 ಮಿಲಿಮೀಟರಿನ ಪಿನ್ನೂ ಇರುವ ಕೇಬಲ್ ಅಗ್ಗದಲ್ಲಿಯೇ ಸಿಗುತ್ತದೆ. ಟಿ.ವಿ.ಯ ವಾಲ್ಯೂಮನ್ನು ಸೊನ್ನೆಗಿಳಿಸಿ ಬಾಕ್ಸಿನ ರಿಮೋಟನ್ನೇ ಬಳಸಬೇಕು. ಆದರೆ ಟಿ.ವಿ.ಯಲ್ಲೇ ನೇರವಾಗಿ ತೆರೆದ ಯೂಟ್ಯೂಬಿನ ಧ್ವನಿ ಈ ದಾರಿಯಲ್ಲಿ ಬರುವುದಿಲ್ಲ.

ಇನ್ನು ಬ್ಲೂಟೂತಿನ ವಿಷಯ. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನಾಳಿದ ಹರಾಲ್ಡ್ ಎಂಬ ಅರಸನ ಅಡ್ಡಹೆಸರನ್ನು ಹೊತ್ತ ಈ ನಿಸ್ತಂತು ವಿಧಾನಕ್ಕಾಗಿ 1998ರಲ್ಲಿ ಕೆಲವು ಕಂಪನಿಗಳು ಕೂಡಿ ಸಂಘ ಕಟ್ಟಿದವು. ಜೋಡಿಸುವ ಬಗೆ ಸರಳ: ಸ್ಪೀಕರಿನ ಬ್ಲೂಟೂತ್ ಗುಂಡಿಯನ್ನು ದೀಪ ಮಿಟುಕುವ ತನಕ ಒತ್ತಿ ಹಿಡಿದು, ಟಿ.ವಿ.ಯ ಸೆಟ್ಟಿಂಗಿನಲ್ಲಿ ಸೌಂಡ್ ಔಟ್‌ಪುಟ್ ಎಂಬಲ್ಲಿಯೋ, ಆಂಡ್ರಾಯ್ಡ್ ಟಿ.ವಿ.ಯಾದರೆ ರಿಮೋಟ್ ಮತ್ತು ಆಕ್ಸೆಸರಿ ಎಂಬಲ್ಲಿಯೋ ಹೊಸ ಸಾಧನಗಳನ್ನು ಹುಡುಕಿಸಿದರೆ ಪಟ್ಟಿಯಲ್ಲಿ ಸ್ಪೀಕರಿನ ಹೆಸರು ಕಾಣಿಸುತ್ತದೆ; ಅದನ್ನು ಒತ್ತಿದರೆ ಆಯಿತು. ರಿಮೋಟಿಗಾಗಿ ಮಾತ್ರ ಬ್ಲೂಟೂತ್ ಇಟ್ಟುಕೊಂಡು ಧ್ವನಿಯನ್ನು ಕಳುಹಿಸದ ಟಿ.ವಿ.ಗಳೂ ಉಂಟು, ಬ್ಲೂಟೂತ್ ಇಲ್ಲವೇ ಇಲ್ಲದ ಹಳೆಯವುಗಳಿಗೆ ಹೆಡ್‌ಫೋನ್ ಜಾಕಿಗೆ ಸಿಕ್ಕಿಸುವ ಟ್ರಾನ್ಸ್‌ಮಿಟರ್ ದೊರೆಯುತ್ತದೆ. ಜಾಕ್ ಇದ್ದಮೇಲೆ ನೇರವಾಗಿ ಕೇಬಲನ್ನೇ ಯಾಕೆ ಹಾಕಬಾರದೆಂದು ಕೇಳಿದರೆ, ಸ್ಪೀಕರು ಕೋಣೆಯ ಆಚೆ ಬದಿಯಲ್ಲಿರಬೇಕು ಎಂಬುದೊಂದನ್ನು ಬಿಟ್ಟು ಬೇರೆ ಉತ್ತರ ನನಗೆ ತೋರುವುದಿಲ್ಲ. ಜೋಡಣೆ ಪದೇ ಪದೇ ತಪ್ಪಿದರೆ ಮೊದಲ ಸಂಶಯವನ್ನು ಮೊಮ್ಮಕ್ಕಳ ಮೊಬೈಲುಗಳ ಮೇಲೆ ಇಡಬೇಕು: ಹಿಂದೆ ಎಂದೋ ಜೋಡಿಸಿದ್ದ ಫೋನು ಹತ್ತಿರ ಬಂದರೆ ಸ್ಪೀಕರು ಅದಕ್ಕೇ ಓಗೊಡುವುದರಿಂದ, ಕೃಷ್ಣಸಂಧಾನದ ನಡುವೆ ವಿದುರನ ಬಾಯಿಂದ ಸಿನಿಮಾ ಹಾಡು ಹೊರಡುವ ಸಂಭವವಿದೆ. ಆ ಫೋನಿನಲ್ಲಿ ಸ್ಪೀಕರಿನ ಹೆಸರನ್ನು ‘ಫರ್ಗೆಟ್’ ಮಾಡಿಸುವುದು ಶಾಶ್ವತ ಪರಿಹಾರ.

ಇಷ್ಟು ಸುಲಭವಾದುದನ್ನು ಕನಿಷ್ಠವೆಂದು ಹೇಳಿದ್ದಕ್ಕೆ ಕಾರಣ ಕಾಲವಿಳಂಬ. ಟಿ.ವಿ.ಯು ಧ್ವನಿಯನ್ನು ಮೊದಲು ಸಂಕುಚಿತಗೊಳಿಸಿ, ಚೂರುಗಳನ್ನಾಗಿ ಮಾಡಿ, ಗಾಳಿಯಲ್ಲಿ ಕಳುಹಿಸುತ್ತದೆ. ಸ್ಪೀಕರು ದಾರಿಯಲ್ಲಿ ಚೂರುಗಳು ತಪ್ಪಿದರೂ ನಾದ ಕಡಿಯಬಾರದೆಂದು ಕೆಲವನ್ನು ಕೂಡಿಟ್ಟುಕೊಂಡು, ಬಿಡಿಸಿ, ಅನಂತರ ನುಡಿಸುತ್ತದೆ. ಇದೆಲ್ಲ ಮುಗಿಯುವಾಗ ಸಾಮಾನ್ಯವಾಗಿ 100ರಿಂದ 250 ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಹತ್ತರಲ್ಲೊಂದರಿಂದ ನಾಲ್ಕರಲ್ಲೊಂದು ಪಾಲು ಕಳೆದಿರುತ್ತದೆ. ಚಿತ್ರ ಮಾತ್ರ ತನ್ನ ಪಾಡಿಗೆ ಮುಂದೆ ಹೋಗಿರುತ್ತದೆ. ಧಾರಾವಾಹಿ ನೋಡುವವರು ಇದನ್ನು ಗಮನಿಸದೆ ಇದ್ದಾರು. ತುಟಿಯ ಚಲನೆ ಸ್ವಲ್ಪ ಮುಂದಾದರೂ ಕಥೆ ಕೆಡುವುದಿಲ್ಲ. ಆದರೆ ಯಕ್ಷಗಾನದಲ್ಲಿ ಚೆಂಡೆಗೂ ಹೆಜ್ಜೆಗೂ ಇರುವ ಸಂಬಂಧವೇ ಕುಣಿತದ ಪ್ರಾಣ. ಕುಣಿತ ಬಿರುಸಾಗಿ, ಚೆಂಡೆಯ ಪೆಟ್ಟುಗಳು ಸೆಕೆಂಡಿಗೆ ನಾಲ್ಕರಂತೆ ಬೀಳುತ್ತಿವೆಯೆಂದು ಭಾವಿಸೋಣ: ಒಂದು ಪೆಟ್ಟಿಗೂ ಮುಂದಿನದಕ್ಕೂ ಇರುವ ಅಂತರ 250 ಮಿಲಿಸೆಕೆಂಡು. ಬ್ಲೂಟೂತಿನ ವಿಳಂಬವೂ ಅದೇ ಪ್ರಮಾಣಕ್ಕೆ ಮುಟ್ಟಿದರೆ ವೇಷಧಾರಿಯ ಪಾದ ನೆಲಕ್ಕೆ ತಾಗಿದಾಗ ಕೇಳುವುದು ಹಿಂದಿನ ಪೆಟ್ಟು; ಅದರ ಅರ್ಧಕ್ಕೆ ನಿಂತರೆ ಪಾದ ಬೀಳುವುದು ಎರಡು ಪೆಟ್ಟುಗಳ ನಡುವಿನ ಶೂನ್ಯದಲ್ಲಿ. ಹೀಗೆ ಯಾವ ಅಪರಾಧವನ್ನೂ ಮಾಡದ ಕಲಾವಿದನು ತಾಳ ತಪ್ಪಿದನೆಂಬ ಅಪವಾದಕ್ಕೆ ಗುರಿಯಾಗುತ್ತಾನೆ. ದಿಗಿಣ ಹೊಡೆದು ನಿಲ್ಲುವ ಕ್ಷಣವನ್ನು ನೋಡಿದರೆ ಇದು ಇನ್ನೂ ಸ್ಪಷ್ಟ: ವೇಷ ನಿಂತಾಗಿರುತ್ತದೆ, ಮುಕ್ತಾಯದ ಪೆಟ್ಟು ಆಮೇಲೆ ಬರುತ್ತದೆ.

ಹಾಗೆಂದು ಎಲ್ಲ ವಿಳಂಬವೂ ದೋಷವೆನಿಸುವುದಿಲ್ಲ. ನಾದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುತ್ತದೆ. ಬಯಲಾಟದಲ್ಲಿ ರಂಗಸ್ಥಳದಿಂದ 34 ಮೀಟರು ಹಿಂದೆ, ಚರುಮುರಿಯವನ ಗಾಡಿಯ ಹತ್ತಿರ ನಿಂತವನಿಗೆ ಚೆಂಡೆಯ ಪೆಟ್ಟು ಕಣ್ಣಿಗೆ ಕಂಡು ಸೆಕೆಂಡಿನ ಹತ್ತನೆಯ ಒಂದು ಭಾಗದ ಅನಂತರವೇ ಕೇಳುತ್ತದೆ. ನಿಸರ್ಗದಲ್ಲಿ ನಾದವು ದೃಶ್ಯಕ್ಕಿಂತ ಹಿಂದೆ ಬೀಳುವುದುಂಟೇ ವಿನಾ ಮುಂದೆ ಬರುವುದೆಂದೂ ಇಲ್ಲ. ಆದುದರಿಂದ ಮನಸ್ಸು ಹಿಂದಾದುದನ್ನು ತಕ್ಕಮಟ್ಟಿಗೆ ಕ್ಷಮಿಸುತ್ತದೆ, ಮುಂದಾದುದನ್ನು ಕ್ಷಮಿಸುವುದಿಲ್ಲ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1998ರಲ್ಲಿ ಮಾಡಿದ ಶಿಫಾರಸಿನಲ್ಲಿ, ಧ್ವನಿ ಸುಮಾರು 45 ಮಿಲಿಸೆಕೆಂಡು ಮುಂದಾದರೆ ಅಥವಾ 125 ಮಿಲಿಸೆಕೆಂಡು ಹಿಂದಾದರೆ ನೋಡುವವರಿಗೆ ಗೊತ್ತಾಗತೊಡಗುತ್ತದೆಂದು ಇದೆ. ಸೆಟ್‌ಟಾಪ್ ಬಾಕ್ಸಿನಿಂದ ನೇರವಾಗಿ ಧ್ವನಿ ಎಳೆದವರಿಗೆ ಕೆಲವೊಮ್ಮೆ ಮೊದಲನೆಯ ದೋಷ ತಗಲುತ್ತದೆ, ಟಿ.ವಿ. ಚಿತ್ರವನ್ನು ಚಂದಗಾಣಿಸುವುದರಲ್ಲಿ ತೊಡಗಿರುವಾಗ ಧ್ವನಿ ಅದನ್ನು ಕಾಯದೆ ಬಂದುಬಿಡುತ್ತದೆ. ಅಂಥಲ್ಲಿ ಟಿ.ವಿ.ಯ ಚಿತ್ರವನ್ನು ‘ಗೇಮ್’ ಮೋಡಿಗೆ ಬದಲಿಸಿದರೆ ಈ ಅಲಂಕಾರದ ಕೆಲಸ ಕಡಮೆಯಾಗಿ ಎರಡೂ ಹತ್ತಿರವಾಗುತ್ತವೆ.

ಮತ್ತೊಂದು ವಿಚಿತ್ರವನ್ನು ಅನೇಕರು ಕಂಡಿರುತ್ತಾರೆ. ಒಂದೇ ಸ್ಪೀಕರು, ಒಂದೇ ಬ್ಲೂಟೂತು, ಟಿ.ವಿ.ಯೊಳಗಿನ ಯೂಟ್ಯೂಬಿನಲ್ಲಿ ಎಲ್ಲವೂ ಸರಿಯಿದ್ದು, ಕೇಬಲಿನ ಚಾನೆಲ್ಲಿಗೆ ಹೋದೊಡನೆ ತಾಳ ತಪ್ಪುತ್ತದೆ. ಟಿ.ವಿ.ಯೊಳಗೇ ಇರುವ ಆ್ಯಪುಗಳು ಧ್ವನಿ ಎಷ್ಟು ತಡವಾದೀತೆಂದು ಸಾಮಾನ್ಯವಾಗಿ ಲೆಕ್ಕಹಾಕಿ ಚಿತ್ರವನ್ನೂ ಅಷ್ಟೇ ತಡೆದು ತೋರಿಸಬಲ್ಲವು. ಹೊರಗಿನ ಬಾಕ್ಸಿನಿಂದ ಹರಿದುಬರುವ ಚಿತ್ರವನ್ನು ತಡೆಯುವ ವ್ಯವಸ್ಥೆ ಹೆಚ್ಚಿನ ಟಿ.ವಿ.ಗಳಲ್ಲಿಲ್ಲ. ಸೆಟ್ಟಿಂಗಿನಲ್ಲಿ ಕಾಣುವ ‘ಆಡಿಯೋ ಡಿಲೇ’ಯನ್ನು ಹಲವರು ಆಸೆಯಿಂದ ತಿರುಗಿಸುತ್ತಾರಾದರೂ, ಅದು ಧ್ವನಿಯನ್ನು ಇನ್ನಷ್ಟು ತಡಮಾಡಬಲ್ಲುದೇ ಹೊರತು ತಡವಾದುದನ್ನು ಮುಂದಕ್ಕೆ ತರಲಾರದು. ವೇಷ, ಕುಣಿತಗಳಿಲ್ಲದೆ ಕುಳಿತು ನಡೆಸುವ ತಾಳಮದ್ದಳೆಗೆ ಈ ಯಾವ ಚಿಂತೆಯೂ ಇಲ್ಲ. 1976ರಲ್ಲಿ ಆಕಾಶವಾಣಿಯ ಮಂಗಳೂರು ನಿಲಯ ಆರಂಭವಾದ ಮೇಲೆ ರೇಡಿಯೋದಲ್ಲಿ ಅರ್ಥ ಕೇಳಿ ಬೆಳೆದವರಿಗೆ ಬ್ಲೂಟೂತ್ ಧಾರಾಳವಾಗಿ ಸಾಕು.

ದಾರಿ ಯಾವುದೇ ಆಗಲಿ, ಸ್ಪೀಕರನ್ನು ಇಡುವ ಸ್ಥಳ ಮುಖ್ಯ. ಪರದೆಯ ಕೆಳಗೆ, ನಡುವಿಗೆ, ಕುಳಿತವರ ಕಿವಿಯ ಎತ್ತರಕ್ಕೆ ಸಮೀಪವಾಗಿ ಇಟ್ಟರೆ ಪದ್ಯವು ಭಾಗವತರ ಕಡೆಯಿಂದಲೇ ಬಂದಂತಾಗುತ್ತದೆ. ಹಿಂದಿನ ಕಪಾಟಿನ ಮೇಲಿಟ್ಟರೆ ರಂಗ ಎದುರಿಗೂ ಹಿಮ್ಮೇಳ ಬೆನ್ನಿಗೂ ಆಗುತ್ತದೆ. ಕೋಣೆಯ ಮೂಲೆಗೆ ಒತ್ತಿ ಇಟ್ಟರೆ ತಗ್ಗಿನ ನಾದ ಹಿಗ್ಗಿ ಮದ್ದಳೆ ಬರಿಯ ಗುಡುಗಾಗುತ್ತದೆ. ಕೈಸ್ಪೀಕರುಗಳಲ್ಲಿ ‘ಬಾಸ್’ ಹೆಚ್ಚಿಸುವ ಗುಂಡಿಯೊಂದಿರುವುದಷ್ಟೆ. ಹಿರಿಯರಿರುವ ಮನೆಯಲ್ಲಿ ಅದನ್ನು ಮುಟ್ಟದಿರುವುದು ಕ್ಷೇಮ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ಥಾಯಿಯನ್ನು. ಸ, ಶ, ತ, ಕ ಮೊದಲಾದ ವ್ಯಂಜನಗಳು ಮಸುಕಾಗಿ, ಮಾತಾಡುವುದು ಕೇಳಿಸುತ್ತದೆ ಆದರೆ ಏನೆಂದು ತಿಳಿಯುವುದಿಲ್ಲ ಎಂಬ ಸ್ಥಿತಿ ಬರುತ್ತದೆ. ಅದಕ್ಕೆ ತಗ್ಗಿನ ನಾದವನ್ನು ಇಳಿಸಿ, ಟಿ.ವಿ.ಯಲ್ಲಿ ‘ಕ್ಲಿಯರ್ ವಾಯ್ಸ್’ ಎಂದೋ ‘ನ್ಯೂಸ್’ ಎಂದೋ ಇರುವ ಬಗೆಯನ್ನು ಆರಿಸಿಕೊಟ್ಟರೆ ವಾಲ್ಯೂಮ್ ಏರಿಸದೆಯೇ ಅರ್ಥ ತಿಳಿಯುತ್ತದೆ.

ಕರಾವಳಿಯ ಗಾಳಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅಂಬಲಪಾಡಿಯಿಂದ ಪಡುವಣ ಕಡಲು ದೂರವಿಲ್ಲ. ಉಪ್ಪಿನ ತೇವ ತುಂಬಿದ ಗಾಳಿಗೆ ಅಗ್ಗದ ಕೇಬಲ್ಲಿನ ಪಿನ್ನು ಒಂದೆರಡು ಮಳೆಗಾಲದಲ್ಲಿ ಹಸುರು ಕಿಲುಬು ಹಿಡಿಯುತ್ತದೆ. ಧ್ವನಿ ಒಂದು ಬದಿಯಿಂದ ಮಾತ್ರ ಬರತೊಡಗಿದರೆ, ಅಥವಾ ಪಿನ್ನನ್ನು ತಿರುಗಿಸಿದಾಗ ಚರಚರ ಎಂದರೆ, ಸ್ಪೀಕರು ಕೆಟ್ಟಿತೆಂದು ತೀರ್ಮಾನಿಸುವ ಮೊದಲು ಪಿನ್ನನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ ನೋಡಬೇಕು. ಸ್ಪೀಕರಿನ ಪೆಟ್ಟಿಗೆಯ ಮೇಲೆ ‘ಐಪಿಎಕ್ಸ್7’ ಎಂದಿದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆಯುವುದೆಂದು ಅರ್ಥ. ಆದರೆ ಜಾಕಿನ ರಬ್ಬರ್ ಮುಚ್ಚಳ ತೆರೆದು ಆಕ್ಸ್ ಕೇಬಲ್ ಚುಚ್ಚಿದ ಮೇಲೆ ಆ ಭರವಸೆ ಉಳಿಯುವುದಿಲ್ಲ. ಇರಸಲು ಹೊಡೆಯುವ ಕಿಟಕಿಯ ಬಳಿ ಇಡಬಾರದು. ಹಗಲಿರುಳು ಚಾರ್ಜಿಗೇ ಹಾಕಿ ಇಟ್ಟರೆ ಬ್ಯಾಟರಿ ಬೇಗ ಮುಪ್ಪಾಗುತ್ತದೆ.

ಹೊಸದಾಗಿ ಕೊಳ್ಳುವವರು ಅಂಗಡಿಯಲ್ಲಿಯೇ ಆಕ್ಸ್ ಜಾಕ್ ಇದೆಯೇ ಎಂದು ಕೈಯಲ್ಲಿ ಹಿಡಿದು ನೋಡಬೇಕು; ಈಚೆಗೆ ಬೆಲೆಬಾಳುವ ಸ್ಪೀಕರುಗಳಲ್ಲಿಯೂ ಅದನ್ನು ತೆಗೆದುಬಿಡುತ್ತಿದ್ದಾರೆ, ಚಾರ್ಜಿನ ಪೋರ್ಟು ಹೆಚ್ಚಿನವುಗಳಲ್ಲಿ ಧ್ವನಿಯನ್ನು ಒಳಗೆ ತೆಗೆದುಕೊಳ್ಳುವುದಿಲ್ಲ. ಎಪ್ರಿಲ್, ಮೇ ತಿಂಗಳ ಮುಂಗಾರುಪೂರ್ವ ಗುಡುಗಿನಲ್ಲಿಯೂ ಅಕ್ಟೋಬರಿನ ಸಂಜೆಯ ಸಿಡಿಲಿನಲ್ಲಿಯೂ ಟಿ.ವಿ.ಯ ಪ್ಲಗ್ಗನ್ನು ಕಿತ್ತರೆ ಸಾಲದು, ಕೇಬಲಿನ ಅಥವಾ ಡಿಶ್ಶಿನ ವೈರನ್ನೂ ಸ್ಪೀಕರಿನ ಆಕ್ಸ್ ಕೇಬಲ್ಲನ್ನೂ ಕಳಚಿಡತಕ್ಕದ್ದು. ಬೆಳಕನ್ನು ಮಾತ್ರ ಒಯ್ಯುವ ಆಪ್ಟಿಕಲ್ ಎಳೆಯಲ್ಲಿ ಸಿಡಿಲಿಗೆ ದಾರಿಯಿಲ್ಲವಾದರೂ ಅದರ ಡಿಎಸಿಗೆ ಕರೆಂಟು ಕೊಡುವ ಯುಎಸ್‌ಬಿ ವೈರು ಲೋಹದ್ದೇ ಎಂಬುದನ್ನು ಮರೆಯಬಾರದು. ಹಾಗೆ ಕಳಚಿಟ್ಟು ಕರೆಂಟಿಗಾಗಿ ಕಾಯುವ ಹೊತ್ತಿನಲ್ಲಿ, ಎಫ್.ಎಂ. ಉಳ್ಳ ಸ್ಪೀಕರಾದರೆ ಬ್ಯಾಟರಿಯ ಮೇಲೆ ಮಂಗಳೂರು ಆಕಾಶವಾಣಿಯನ್ನು ಹಾಕಿಕೊಳ್ಳಬಹುದು. ಅನೇಕ ಸ್ಪೀಕರುಗಳಲ್ಲಿ ಚಾರ್ಜಿನ ವೈರೇ ಆಂಟೆನಾದ ಕೆಲಸ ಮಾಡುವುದರಿಂದ, ಅದರ ಇನ್ನೊಂದು ತುದಿಯನ್ನು ಯಾವ ಪ್ಲಗ್ಗಿಗೂ ಹಾಕದೆ, ಸ್ಪೀಕರಿಗೆ ಸಿಕ್ಕಿಸಿದ ಹಾಗೆಯೇ ನೇತುಬಿಟ್ಟಿರಬೇಕು.